ಹಸುವಾದ ರಾಣಿ ಮತ್ತು ಕಾವಲಿನ ಕಾವಲು

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮಗೊಪ್ಪುವ ಜಾಗ ಹುಡುಕುತ್ತ ಓಡಾಡುತ್ತಿದ್ದ ಕಾಲದಲ್ಲಿ, ಹೊನ್ನಗರಿಕೆ ಎಂಬ ರಾಜ್ಯವಿತ್ತು. ಅಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಊರಾಚೆ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು ಹರಡಿತ್ತು. ಅರಮನೆಯ ದನಗಳು ಮೇಯಲೆಂದು ಹಿಂದಿನ ಅರಸರು ಬಿಟ್ಟಿದ್ದ ಆ ನೆಲವನ್ನು ಜನ ಬರಿದೆ ಕಾವಲು ಎನ್ನುತ್ತಿದ್ದರು.

ರಾಜ ತೀರಿಕೊಂಡ ಮೇಲೆ ರಾಣಿ ಗೌರಾಜಮ್ಮಣ್ಣಿ ರಾಜ್ಯವಾಳುತ್ತಿದ್ದಳು. ಅವಳೆದುರು ಯಾರೂ ಆಕಳಿಸುವಂತಿರಲಿಲ್ಲ, ಗೋಡೆಗೆ ಒರಗುವಂತಿರಲಿಲ್ಲ, ‘ಹ್ಞೂಂ’ ಎನ್ನುವಂತಿರಲಿಲ್ಲ, ‘ಹೌದು’ ಎನ್ನಬೇಕಿತ್ತು. ಅವಳ ಒಬ್ಬನೇ ಮಗ ಇಂದುಧರ ‘ಹೌದು ಅವ್ವಾಜಿ’ ಎನ್ನುತ್ತಲೇ ದೊಡ್ಡವನಾಗಿದ್ದ.

ಒಂದು ಬೇಸಿಗೆಯಲ್ಲಿ ಭಸ್ಮಾಂಗನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ.

“ಮಹಾರಾಣಿ, ನಿಮ್ಮ ಕಾವಲು ಕಜ್ಜಿ ಹತ್ತಿದ ಒಂಟೆಯ ಹಾಗೆ ಕಾಣುತ್ತದೆ. ವರ್ಷವಿಡೀ ಹಸಿರಾಗಿರುವಂತೆ ಮಾಡಿಕೊಡಲೇ?” ಎಂದ.

ರಾಣಿಗೆ ಅಚ್ಚುಕಟ್ಟು ಎಂದರೆ ಪ್ರಾಣ. ಒಪ್ಪಿದಳು. ಮಾಂತ್ರಿಕ ಕಾವಲಿನ ಮೇಲೆ ಒಂದು ಚೀಲ ಕರಿಬೂದಿ ತೂರಿದ. ನೆಲ ಕೊಬ್ಬಿತು. ನೂರಾರು ಬಗೆಯ ಹುಲ್ಲು, ಹೂವು, ಬಳ್ಳಿಗಳಿದ್ದ ಕಡೆ ಒಂದೇ ಜಾತಿಯ ಕಹಿಸೊಪ್ಪು ಎದೆಯೆತ್ತರ ಎದ್ದು ನಿಂತಿತು. ಹಕ್ಕಿಗಳು ಹೋದವು, ಮೊಲಗಳು ಹೋದವು. ದನಗಳು ಮೂಸಿ ಸೀನಿದವು.

“ಇನ್ನು ಈ ಕಾವಲು ನನ್ನದು,” ಎಂದ ಭಸ್ಮಾಂಗ, ಆಸ್ಥಾನಕ್ಕೆ ಮರಳಿ ಬಂದು.

“ಮೊದಲು ಕಾಲು ತೊಳೆದುಕೊಂಡು ಬಾ. ರತ್ನಗಂಬಳಿಯ ಮೇಲೆಲ್ಲ ನಿನ್ನ ಬೂದಿ,” ಎಂದಳು ರಾಣಿ.

ಮಾಂತ್ರಿಕನ ಮೀಸೆ ಅದುರಿತು. “ಬಿಳಿ ಹಸುವಾಗು! ಮೂರು ಮಳೆಗಾಲದೊಳಗೆ ನಿನ್ನ ಇದೇ ಕಾವಲಿನಲ್ಲಿ ಹೊಟ್ಟೆ ತುಂಬ ಮೇಯ್ದರೆ ಮತ್ತೆ ರಾಣಿಯಾಗು. ಇಲ್ಲವಾದರೆ ನೀನು ಕೊಟ್ಟಿಗೆಗೆ, ಕಾವಲು ನನಗೆ!”

ರಾಣಿ ಹಸುವಾದಳು. ದನಿ ಮಾತ್ರ ಹಾಗೆಯೇ ಉಳಿಯಿತು. “ಇಂದುಧರಾ, ಬಾಯಿ ಮುಚ್ಚು, ಬೆನ್ನು ನೆಟ್ಟಗೆ ಮಾಡು. ಇದೇನು ನಿಲ್ಲುವ ರೀತಿ?” ಎಂದಿತು ಹಸು.

ಬೇರೆ ಊರಿಂದ ತಂದ ಹುಲ್ಲನ್ನು ಬೆಳ್ಳಿಯ ಬಾನಿಯಲ್ಲಿ ತಿಂದು, ಪರದೆಯ ಹಿಂದೆ ಹೋಗಿ ಬಾಯಿ ಮುಚ್ಚಿಕೊಂಡೇ ಮೆಲುಕು ಹಾಕುತ್ತಿದ್ದಳು. ಆದರೆ ದಿನ ಕಳೆದಂತೆ ಇಂದುಧರನಿಗೆ ಒಂದು ಸಂಗತಿ ಗೊತ್ತಾಯಿತು. ಅವ್ವಾಜಿ ಮಾತಿನ ನಡುವೆ ತಡವರಿಸುತ್ತಿದ್ದಳು. ಚಮಚ ಎನ್ನುವ ಪದ ಮರೆತಿದ್ದಳು. ಆಮೇಲೆ ಕನ್ನಡಿ ಎನ್ನುವುದನ್ನೂ ಮರೆತಳು. ಒಂದು ಸಂಜೆ ಅವನ ಹೆಸರಿಗಾಗಿ ಬಹಳ ಹೊತ್ತು ಹುಡುಕಿದಳು. ಅಂದು ರಾಜಕುಮಾರ ಮೊದಲ ಬಾರಿ ಯಾರನ್ನೂ ಕೇಳದೆ ಅರಮನೆಯಿಂದ ಹೊರಟ.

ಕಾವಲಿನಾಚೆಯ ಕಲ್ಲುಗುಡ್ಡಕ್ಕೆ ಮಾಂತ್ರಿಕನ ಬೂದಿ ತಲುಪಿರಲಿಲ್ಲ. ಅಲ್ಲಿ ಹಳೆಯ ಹುಲ್ಲೆಲ್ಲ ಹಾಗೆಯೇ ಇತ್ತು. ಹುಲ್ಲಿನ ನಡುವೆ, ಮನುಷ್ಯನ ಸೊಂಟದೆತ್ತರದ ಎರೆಭೂತ ಹಕ್ಕಿ ಕುತ್ತಿಗೆ ಎತ್ತಿ ನಡೆದಾಡುತ್ತಿತ್ತು.

“ಕಹಿಸೊಪ್ಪನ್ನು ಕಿತ್ತರೆ ಎರಡರಷ್ಟು ಬರುತ್ತದೆ. ಏನು ಮಾಡಲಿ?” ಎಂದ ಇಂದುಧರ.

“ಸೊಪ್ಪಿನ ತಪ್ಪಲ್ಲ ಕಣಪ್ಪಾ, ನೆಲಕ್ಕೆ ಅಜೀರ್ಣವಾಗಿದೆ,” ಎಂದಿತು ಹಕ್ಕಿ. “ಮೇಲಿನ ಕೊಬ್ಬು ಕೆರೆದು ಹಾಕು. ನೆಲವನ್ನು ಉಪವಾಸ ಕೆಡವು.”

ಇಂದುಧರ ಜನರೊಂದಿಗೆ ಸೇರಿ ಸೊಪ್ಪಿನ ಸಮೇತ ಕರಿಮಣ್ಣನ್ನು ಕೆರೆದ. ಆ ಮಣ್ಣು ಬಿದ್ದ ತೋಟಗಳಲ್ಲಿ ಕುಂಬಳಕಾಯಿಗಳು ಆನೆಮರಿಗಳಷ್ಟಾದವು. ಒಂದು ಕಾಯಿ ಉರುಳಿ ಬಂದು ಪುರೋಹಿತರ ಮನೆಯ ಬಾಗಿಲನ್ನು ಮುಚ್ಚಿತು. ಕಾವಲು ಮಾತ್ರ ಕೆಂಪಗೆ ಬರಿದಾಯಿತು. ಮೊದಲ ಮಳೆಗಾಲ ಬಂತು. ಮೇಲೆದ್ದದ್ದು ಹುಲ್ಲಲ್ಲ, ತುಂಬೆ, ಉತ್ತರಾಣಿ, ನೆಗ್ಗಿಲುಮುಳ್ಳು.

ಹಸು ಬಂದು ಮೂಸಿತು. “ನಾನು ಮೇಕೆಯಲ್ಲ,” ಎಂದು ತಿರುಗಿ ನಡೆಯಿತು.

ಇಂದುಧರ ಕಳೆ ಕೀಳಲು ಬಗ್ಗಿದ. ಎರೆಭೂತ ಅವನ ಕೈ ಕುಕ್ಕಿತು. “ಮದುವೆಗೆ ಮುಂಚೆ ಚಪ್ಪರ ಹಾಕುವವರನ್ನು ಯಾರಾದರೂ ಓಡಿಸುತ್ತಾರೆಯೇ? ಇವು ನೆಲ ಹಿಡಿದು ನಿಂತಿವೆ, ನೆರಳು ಕೊಡುತ್ತಿವೆ. ನೆಂಟರು ಬಂದ ಮೇಲೆ ತಾವೇ ಸರಿದುಕೊಳ್ಳುತ್ತವೆ.”

“ನೆಂಟರು ಯಾವಾಗ ಬರುತ್ತಾರೆ?”

“ಕರೆಯದೆ ಬರುತ್ತಾರೆಯೇ? ನನ್ನ ಗುಡ್ಡದ ಹುಲ್ಲು ಕೊಯ್ದು ಹೊರು. ಬೀಜ ಬಲಿತ ಹುಲ್ಲೇ ಆಗಬೇಕು.”

ಇಂದುಧರ ಹುಲ್ಲು ಕೊಯ್ದ. ಹೊರೆ ಹೊತ್ತು ಅಭ್ಯಾಸವಿಲ್ಲದ್ದರಿಂದ ಮೂರು ಸಲ ಹೊರೆಯ ಕೆಳಗೇ ಸಿಕ್ಕಿಕೊಂಡ. ಕಾವಲಿನ ಅಂಚಿನಲ್ಲಿ ಹಸು ಅಡ್ಡ ನಿಂತಿತ್ತು.

“ಇದೇನು ಕಸ? ಧೂಳು, ಸಿಪ್ಪೆ, ಊಬು! ಎಲ್ಲವನ್ನೂ ಜಾಡಿಸಿ, ಬಾಚಿ, ಸ್ವಚ್ಛ ಮಾಡಿ ಒಳಗೆ ತಾ.”

ಬೀಜವೆಲ್ಲ ಇದ್ದದ್ದು ಆ ಕಸದಲ್ಲಿಯೇ. ಇಂದುಧರನ ಬಾಯಿಗೆ ‘ಹೌದು ಅವ್ವಾಜಿ’ ಬಂದೇಬಿಟ್ಟಿತ್ತು. ಅದನ್ನು ನುಂಗಿದ.

“ಇಲ್ಲ ಅವ್ವಾಜಿ.”

ಆಸ್ಥಾನದವರು ಕಿವಿ ಮುಚ್ಚಿಕೊಂಡರು. ಹಸುವಿನ ಕಣ್ಣು ದೊಡ್ಡದಾಯಿತು. ಬೈಯಲು ಬಾಯಿ ತೆರೆಯಿತು. ಹೊರಬಂದದ್ದು “ಅಂಬಾ” ಮಾತ್ರ. ಅದಕ್ಕೇ ನಾಚಿಕೆಯಾಗಿ ಪಕ್ಕಕ್ಕೆ ಸರಿಯಿತು. ಇಂದುಧರ ಕಣ್ಣೊರೆಸಿಕೊಂಡು ಕಸದ ಸಮೇತ ಹುಲ್ಲು ಹರಡಿದ.

ಎರಡನೆಯ ಮಳೆಗಾಲ ಬಂತು. ತುಂಬೆಯ ಬುಡದಲ್ಲಿ ಸೂಜಿಯಂಥ ಎಳೆಹುಲ್ಲು ಮೂಡಿತು. ಇಂದುಧರ ಹಿಗ್ಗಿ, ಇನ್ನಷ್ಟು ಬೀಜ ತರಲು ಗುಡ್ಡಕ್ಕೆ ಹೊರಡುತ್ತ ದಳವಾಯಿ ಬೊಮ್ಮರಸಯ್ಯನಿಗೆ ಹೇಳಿದ: “ನಾನು ಬರುವವರೆಗೆ ಕಾವಲು ಚೆನ್ನಾಗಿರಲಿ.”

“ಅಪ್ಪಣೆ,” ಎಂದ ದಳವಾಯಿ. ಅವನು ಸೇನೆಯಲ್ಲೇ ನರೆತವನು. ಅವನಿಗೆ ಗೊತ್ತಿದ್ದ ಕಾವಲು ಒಂದೇ.

ಇಂದುಧರ ಹಿಂತಿರುಗಿದಾಗ ಸುತ್ತ ಮುಳ್ಳುಬೇಲಿ. ಬೇಲಿಯ ಉದ್ದಕ್ಕೂ ಭರ್ಜಿ ಹಿಡಿದ ಸಿಪಾಯಿಗಳು.

“ದಳವಾಯಿಗಳೇ, ಏನಿದು?”

“ಕಾವಲು, ಸ್ವಾಮಿ.”

“ಕಾವಲು ನನಗೂ ಕಾಣುತ್ತಿದೆ. ಸುತ್ತ ನಿಂತವರು ಯಾರು?”

“ಅದೇ ಕಾವಲು, ಸ್ವಾಮಿ.”

“ಹಾಗಾದರೆ ಒಳಗಿರುವುದು?”

“ಅದೂ ಕಾವಲೇ. ಕಾವಲಿಗೆ ಕಾವಲು. ಒಂದು ಕುರಿಯೂ ನುಸುಳಿಲ್ಲ. ಒಂದು ಮೊಲ ಬಂದಿತ್ತು, ವಿಚಾರಣೆಯಲ್ಲಿದೆ.”

ಬೇಲಿ ಹಾಕಿದ್ದು ಒಳ್ಳೆಯದೇ ಆಯಿತೆಂದು ಇಂದುಧರ ಮೊಲವನ್ನು ಬಿಡಿಸಿ ಸುಮ್ಮನಾದ. ಅಲ್ಲೇ ಎಡವಿದ್ದು. ಮೇಯುವವರಿಲ್ಲದೆ ಒರಟು ಹುಲ್ಲು ಬೆಳೆಬೆಳೆದು ತನ್ನ ಮೇಲೆ ತಾನೇ ಬಿದ್ದಿತು. ಒಣಗಿ ದಟ್ಟವಾಗಿ ಹಾಸಿಕೊಂಡಿತು. ಅದರಡಿಯಲ್ಲಿ ಸಣ್ಣ ಗಿಡಗಳಿಗೆ ಬೆಳಕಿಲ್ಲದೆ ಉಸಿರು ಕಟ್ಟಿತು. ಮೂರನೆಯ ಮಳೆಗಾಲದ ಮೋಡ ಕಂಡಾಗ ಹಸು ಬಂದು ಮೂಸಿತು. ಅದಕ್ಕೆ ಉಳಿದಿದ್ದ ಮಾತುಗಳೇ ನಾಲ್ಕಾರು.

“ಚಾಪೆ,” ಎಂದಿತು. “ತಿನ್ನಲ್ಲ.”

ಇಂದುಧರ ಗುಡ್ಡಕ್ಕೆ ಓಡಿದ. ಎರೆಭೂತ ಎಲ್ಲವನ್ನೂ ಕೇಳಿ, “ಮೊದಲು ಕಾವಲು ತೆಗೆಸು,” ಎಂದಿತು. ಅವನು ಹಾಗೆಯೇ ಹೇಳಿ ಕಳುಹಿಸಿದ. ಬೆಳಿಗ್ಗೆ ನೋಡಿದರೆ ದಳವಾಯಿ ಗುದ್ದಲಿ ಹಿಡಿದ ಸೇನೆಯೊಡನೆ ಹುಲ್ಲಿನ ನಡುವೆ ನಿಂತಿದ್ದ.

“ಏನು ಮಾಡುತ್ತಿದ್ದೀರಿ!”

“ಕಾವಲು ತೆಗೆಯುತ್ತಿದ್ದೇವೆ, ಸ್ವಾಮಿ. ಬೇರುಸಹಿತ.”

“ಈ ಕಾವಲಲ್ಲ, ಆ ಕಾವಲು!”

ದಳವಾಯಿಯ ಕಣ್ಣು ತುಂಬಿತು. “ನಮ್ಮ ಅಪ್ಪ, ತಾತ ಎಲ್ಲ ಕಾವಲು ಕಾದವರು. ಯಾವುದನ್ನು ಅಂತ ಅವರೂ ಹೇಳಿರಲಿಲ್ಲ. ದಯವಿಟ್ಟು ಬೆರಳು ತೋರಿಸಿ ಹೇಳಿ ಸ್ವಾಮಿ.”

ಇಂದುಧರ ಬೆರಳು ತೋರಿಸಿದ. ಬೇಲಿ ಬಿತ್ತು, ಸಿಪಾಯಿಗಳು ಮನೆಗೆ ಹೋದರು, ಊರ ದನಕುರಿಗಳು ಒಳಗೆ ಬಂದವು. ಮೇಯ್ದವು, ತುಳಿದವು, ಸಗಣಿ ಹಾಕಿದವು. ಆಮೇಲೆ ಮಳೆ ಹಿಡಿಯಿತು. ಗೊರಸು ಊರಿದ ಕಡೆ ಬೀಜ ಕೂತಿತು. ಚಾಪೆ ಹರಿದ ಕಡೆ ಬೆಳಕು ಇಳಿಯಿತು. ಒಂದು ಹುಲ್ಲು ಇದ್ದ ಕಡೆ ಹತ್ತು ಹುಲ್ಲಾದವು. ಅವುಗಳ ನಡುವೆ ನೀಲಿ ಹೂವು, ಹಳದಿ ಹೂವು, ಹೆಸರಿಲ್ಲದ ಬಳ್ಳಿ. ತುಂಬೆ ಮೂಲೆಗೆ ಸರಿದುಕೊಂಡಿತು. ಬಾನಾಡಿಗಳು ಮರಳಿ ಬಂದು ಜಗಳವಾಡಿದವು.

ಮಳೆಗಾಲದ ಕೊನೆಯ ದಿನ ಭಸ್ಮಾಂಗ ಬಂದ. “ಸೂರ್ಯ ಮುಳುಗಲಿ, ಕಾವಲು ನನ್ನದು,” ಎಂದು ಕಾಲ ಮೇಲೆ ಕಾಲು ಹಾಕಿ ಹುಲ್ಲಿನ ಮೇಲೇ ಕೂತ.

ಹಸು ಅಂಚಿನಲ್ಲಿ ನಿಂತಿತ್ತು. ಒಳಗೆ ಊರ ದನಗಳು, ಕುಂಟ ಎಮ್ಮೆ, ಗಂಟೆ ಕಳೆದುಕೊಂಡ ಮೇಕೆ. ಸಾಲಿಲ್ಲ, ಪಂಕ್ತಿಯಿಲ್ಲ. ಹಸು ಹಿಂದೆ ಸರಿಯಿತು.

“ಅವ್ವಾಜಿ,” ಎಂದ ಇಂದುಧರ, “ಒಳಗೆ ಬನ್ನಿ.”

ಹಸು ಅವನನ್ನು ದಿಟ್ಟಿಸಿತು. ಯಾರೆಂದು ಅದಕ್ಕೆ ನೆನಪಾಗಲಿಲ್ಲ. ಆದರೆ ಹುಡುಗನ ಬೆನ್ನು ಬಾಗಿತ್ತು, ಅದು ಸರಿಯಲ್ಲವೆಂದು ಮಾತ್ರ ತಿಳಿಯಿತು. ಸರಿಪಡಿಸಲೆಂದು ಮುಂದೆ ಹೆಜ್ಜೆಯಿಟ್ಟಿತು. ಮೂತಿಗೆ ಎಳೆಹುಲ್ಲು ತಗುಲಿತು. ಒಂದು ತುತ್ತು ಕಿತ್ತಿತು, ಇನ್ನೊಂದು ಕಿತ್ತಿತು. ಒಂದು ಹುಳಿ, ಒಂದು ಸಿಹಿ, ಒಂದಕ್ಕೆ ಹುರಿದ ಎಳ್ಳಿನ ವಾಸನೆ. ಎಮ್ಮೆ ತಳ್ಳಿತು, ಹಸುವೂ ತಳ್ಳಿತು. ನಾಲಗೆ ಚಾಚಿ, ಬಾಯಿ ತೆರೆದು, ಚಪ್ಪರಿಸಿಕೊಂಡು ಹೊಟ್ಟೆ ತುಂಬ ಮೇಯ್ದಿತು.

ಎಮ್ಮೆಯ ಪಕ್ಕದಲ್ಲಿ ಗೌರಾಜಮ್ಮಣ್ಣಿ ಎದ್ದು ನಿಂತಳು. ಬಾಯಿಯ ಅಂಚಿನಲ್ಲಿ ಇನ್ನೂ ಒಂದು ಎಸಳು.

“ಇಂದುಧರಾ, ಬೆನ್ನು ನೆಟ್ಟಗೆ,” ಎಂದಳು. ತಾನೇ ಹೋಗಿ ಅಪ್ಪಿಕೊಂಡಳು, ಆಸ್ಥಾನದವರೆಲ್ಲ ನೋಡುತ್ತಿರುವಾಗಲೇ.

ಭಸ್ಮಾಂಗ ಶಪಿಸಲು ಎದ್ದ. ಆದರೆ ಅವನು ಕೂತದ್ದು ಬೀಜವೆಲ್ಲ ಸೂಜಿಯಾಗಿರುವ ಹುಲ್ಲಿನ ಮೇಲೆ. ಸೂಜಿಗಳು ಧೋತರ ದಾಟಿ ಒಳಗಿಳಿದವು. ಮಂತ್ರದ ಮೊದಲ ಅಕ್ಷರಕ್ಕೆ “ಅಯ್ಯೋ” ಬಂತು, ಎರಡನೆಯದಕ್ಕೆ “ಅಪ್ಪಾ” ಬಂತು, ಮೂರನೆಯದು ಬರಲೇ ಇಲ್ಲ. ಕೆರೆದುಕೊಳ್ಳುತ್ತ ಓಡಿದ. ಅವನು ಓಡಿದ ದಾರಿಯುದ್ದಕ್ಕೂ ಬೀಜ ಉದುರಿ, ಪಕ್ಕದ ರಾಜ್ಯಗಳಲ್ಲೂ ಒಳ್ಳೆಯ ಹುಲ್ಲುಗಾವಲಾಯಿತು. ಇದೊಂದೇ ಅವನು ಮಾಡಿದ ಉಪಕಾರ.

ಮರುದಿನ ರಾಣಿ ಎರೆಭೂತಕ್ಕೆ ಪೀಠ ಹಾಕಿಸಿ ಕೇಳಿದಳು: “ಗುಡ್ಡದ ಗಿಡಗಳೆಲ್ಲ ಬಂದವೇ?”

“ಇಲ್ಲ. ಗಡ್ಡೆಯ ಗಿಡಗಳು ನಿಧಾನ. ಕೆಲವು ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಬಂದಾವು, ಕೆಲವು ಬರದೆಯೂ ಇರಬಹುದು.”

“ತಡವಾಗಿ ಬರುವವರನ್ನು ನಾನು ಸಹಿಸುವುದಿಲ್ಲ,” ಎಂದಳು ರಾಣಿ. ಹೊರಗೆ ಕಾವಲಿನತ್ತ ನೋಡಿದಳು. “ಆದರೂ ಅವುಗಳ ಜಾಗದಲ್ಲಿ ಬೇರೆ ಯಾರೂ ಏನೂ ನೆಡಬಾರದು. ದಳವಾಯಿಗಳೇ, ಕೇಳಿಸಿತೇ?”

“ಹೌದು ಮಹಾರಾಣಿ.”

ಹೀಗೆ ಹೊನ್ನಗರಿಕೆಯ ದನಗಳು ಹೊಟ್ಟೆ ತುಂಬ ಮೇಯ್ದವು, ಜನ ಗಟ್ಟಿ ಮೊಸರು ಉಂಡು ಸುಖವಾಗಿದ್ದರು. ರಾಣಿ ಪ್ರತಿ ಮಳೆಗಾಲದ ಮೊದಲ ದಿನ ಕಾವಲಿಗೆ ಹೋಗಿ, ಬೆನ್ನು ನೆಟ್ಟಗೆ ಮಾಡಿ ನಿಂತು, ಇನ್ನೂ ಬಾರದವರಿಗಾಗಿ ಕಾಯುತ್ತಿದ್ದಳು.