ಏಸಾನ ಪಾಲು

ತಿಮಿಂಗಿಲ ಹಾಯ್ದು ಹಡಗು ಮುಳುಗಿದ ಮೇಲೆ ದೋಣಿಯಲ್ಲಿ ಉಳಿದವರು ಮೂವರು: ಯಜಮಾನ ಜೀನಸ್, ಈಟಿಗಾರ ಏಸಾ, ಹುಟ್ಟು ಹಾಕುವ ನಾನು. ಏಸಾನಿಗೆ ಸಿಕ್ಕ ಆ ಈಟಿಗಾರನ ಕೆಲಸ ನನಗೆ ಬರಬೇಕಿತ್ತು. ನಮ್ಮೂರು ನಾನ್‌ಟಕೆಟ್‌ನಲ್ಲಿ ನಾನು ಮನಸ್ಸಿಟ್ಟಿದ್ದ ಹುಡುಗಿ ಕೆಜಾಯಾ ಕೂಡ ಅವನಿಗೇ ನಿಶ್ಚಯವಾಗಿದ್ದಳು.

ದಿನವೂ ಮಧ್ಯಾಹ್ನ ಜೀನಸ್ ಒಣರೊಟ್ಟಿಯನ್ನು ಮೂರು ಚೂರು ಮಾಡುತ್ತಿದ್ದರು. ಪಕ್ಷಪಾತವಾಗದಂತೆ ನಾನು ಬೆನ್ನು ತಿರುಗಿಸಿ ಕೂರಬೇಕು, ಅವರು ಒಂದು ಚೂರು ಮುಟ್ಟಿ "ಇದು ಯಾರಿಗೆ?" ಎಂದಾಗ ಹೆಸರು ಹೇಳಬೇಕು. ದೊಡ್ಡ ಚೂರಿಗೆಲ್ಲ ನನ್ನ ಬಾಯಿಗೆ ಏಸಾನ ಹೆಸರೇ ಬರುತ್ತಿತ್ತು.

"ನೀನೇ ಕೊಟ್ಟು ನೀನೇ ಹೊಟ್ಟೆ ಉರ್ಕೋತೀಯಲ್ಲೋ!" ಎಂದು ಅವನು ನಗುತ್ತಿದ್ದ.

ಹನ್ನೊಂದನೇ ದಿನ ಏಸಾ ಸತ್ತ. ಅವನನ್ನು ನೀರಿಗೆ ಬಿಡುವಾಗ ನನಗೆ ನೆನಪಾದದ್ದು ಅವನ ಪಾಲಿನ ರೊಟ್ಟಿ.

ಮರುದಿನ ನಾನು ಬೆನ್ನು ತಿರುಗಿಸಿದೆ.

"ಇದು ಯಾರಿಗೆ?"

"ನನಗೆ."

"ಇದು?"

"ನಿಮಗೆ."

ಸ್ವಲ್ಪ ತಡೆದು ಮತ್ತೆ ಕೇಳಿಸಿತು: "ಇದು ಯಾರಿಗೆ?"

"ಏಸಾಗೆ" ಎಂದುಬಿಟ್ಟೆ.

"ಯಾರ ಹತ್ರ ಮಾತಾಡ್ತಿದೀಯೋ? ನಾನು ಕೇಳಿದ್ದು ಎರಡೇ ಸಲ," ಎಂದರು ಜೀನಸ್.

ಏಸಾ ಕೂರುತ್ತಿದ್ದ ಹಲಗೆ ಸುಡುಬಿಸಿಲಲ್ಲೂ ತಣ್ಣಗೆ ಕೊರೆಯುತ್ತಿತ್ತು. ಅದರ ಮೇಲೆ ಒದ್ದೆ ರೊಟ್ಟಿಯ ಪುಡಿ ಬಿದ್ದಿತ್ತು.

ದಾರಿಹೋಕ ಹಡಗೊಂದು ನಮ್ಮನ್ನು ಉಳಿಸಿತು. ಊರಿಗೆ ಬಂದು ಕೆಜಾಯಾಳನ್ನು ಮದುವೆಯಾದೆ. ದೋಣಿಯ ಆ ಪದ್ಧತಿಯನ್ನು ಅವಳಿಗೆ ಎಂದೂ ಹೇಳಿಲ್ಲ.

ನಿನ್ನೆ ಮಧ್ಯಾಹ್ನ ನಾನು ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದೆ. ಹಿಂದಿನಿಂದ, ರೊಟ್ಟಿ ಕೊಯ್ಯುತ್ತಿದ್ದ ಕೆಜಾಯಾ ಕೇಳಿದಳು: "ಇದು ಯಾರಿಗೆ?"

ತಡೆಯುವಷ್ಟರಲ್ಲಿ ಹೆಸರು ಹೊರಬಿದ್ದಿತ್ತು. ತಿರುಗಿ ನೋಡಿದೆ. ದೊಡ್ಡ ಚೂರನ್ನು ಖಾಲಿ ಕುರ್ಚಿಯ ಮುಂದಿಟ್ಟು ಅವಳು ನಗುತ್ತಿದ್ದಳು. ಇಷ್ಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಸಿಗದ ನಗು ಅದು.