ಗಾಳಿಬೀಡಿನ ಬಾಂದುಕಲ್ಲು

ಅಕ್ಷರ ಕಲಿಸಿದವರ ಮಾತನ್ನು ಪರೀಕ್ಷಿಸುವುದು ಅಪಚಾರವೆಂದು ನಂಬಿ, ಓದುಬರಹ ಬಾರದ ಹೆಂಗಸೊಬ್ಬಳನ್ನು ಸುಳ್ಳಿ ಎಂದು ಕರೆದವರಲ್ಲಿ ನೀವೂ ಒಬ್ಬರಲ್ಲವೇ?

ಇನ್ಸ್‌ಪೆಕ್ಟರ್ ಕೀರ್ತಿಕುಮಾರ್ ಹಾಗೆ ಕರೆದಿದ್ದರು. ಡಿಸೆಂಬರಿನಲ್ಲಿ ಗಾಳಿಬೀಡಿನ ಕಾಂತಮ್ಮ ಜಮೀನಿನ ಗಡಿಕಲ್ಲು ಜರುಗಿದೆಯೆಂದು ಕೊಟ್ಟ ದೂರನ್ನು, ಆಕೆಯ ಪಕ್ಕದ ಕಾಫಿ ತೋಟದವರೂ ತಮಗೆ ಪಾಠ ಹೇಳಿದವರೂ ಆದ ನಿವೃತ್ತ ಹೆಡ್‌ಮಾಸ್ತರ್ ನಾಗೇಶ್ವರರ ಒಂದೇ ಮಾತಿನ ಮೇಲೆ ಮುಚ್ಚಿಹಾಕಿದ್ದರು. 2025ರ ಫೆಬ್ರವರಿ 3, ಬೆಳಿಗ್ಗೆ 10.20ಕ್ಕೆ ಆಕೆ ಮತ್ತೆ ಠಾಣೆಗೆ ಬಂದಳು.

"ಸರ್ವೆ ನಕ್ಷೆ ತಂದೀನಿ ಸಾರ್. ಬಾಂದುಕಲ್ಲು ಹದಿನೆಂಟು ಅಡಿ ನನ್ ಕಡೆ ಬಂದೈತೆ. ಒರತೆ ಮೇಷ್ಟ್ರ ಬೇಲಿಯೊಳಗೆ ಹೋಯ್ತು. ಕುಡಿಯಾಕೆ ನೀರಿಲ್ಲ. ಈಗ್ಲೂ ನಾನೇ ಸುಳ್ಳಿಯಾ?"

"ಮೇಷ್ಟ್ರ ಮೇಲೆ ಎಫ್‌ಐಆರಾ ಸಾರ್?" ಎಂದ ಕಾನ್‌ಸ್ಟೇಬಲ್ ಕುಟ್ಟಪ್ಪ. "ಮಗ್ಗಿ ತಪ್ಪಿದ್ದಕ್ಕೆ ಬಿದ್ದ ಏಟು ಅಂಗೈಲಿ ಇನ್ನೂ ಉರೀತದೆ."

"ಬರ್ಕೊಳ್ರೀ."

ಮಧ್ಯಾಹ್ನ ಮೂರಕ್ಕೆ ಸ್ಥಳ ಮಹಜರು. ಗಡಿಯಲ್ಲಿ ನಿಂತಿದ್ದ ಕಲ್ಲು ಕಪ್ಪಗೆ, ಹಳೆಯದಾಗಿಯೇ ಕಾಣುತ್ತಿತ್ತು.

"ನಕ್ಷೆ ತಪ್ಪು ಕಣೋ ಕೀರ್ತಿ. ಸರ್ವೆಯವರು ಗುರುತು ಕೆತ್ತಿ ನೆಟ್ಟು ಅರವತ್ತು ವರ್ಷ ಆಯ್ತು, ಕಲ್ಲು ಅಲ್ಲೇ ಇದೆ. ನನ್ನ ಮಾತು ಸಾಲದೇನೋ?" ಎಂದರು ನಾಗೇಶ್ವರ.

"ಸಾಕು ಅಂದ್ಕೊಂಡಿದ್ದೇ ನನ್ನ ತಪ್ಪು, ಮೇಷ್ಟ್ರೇ."

ಆ ಕಲ್ಲನ್ನೂ, ಹೋಲಿಕೆಗಾಗಿ ಅದೇ ಜಮೀನಿನ ಮತ್ತೊಂದು ಹಳೆಯ ಮೂಲೆಗಲ್ಲನ್ನೂ ಪಂಚರ ಸಮಕ್ಷಮ ಮೊಹರು ಮಾಡಿ ಮೈಸೂರಿನ ಪ್ರಯೋಗಾಲಯವೊಂದಕ್ಕೆ ಕಳುಹಿಸಲಾಯಿತು. ಮಾರ್ಚ್ 20ರಂದು ಅಲ್ಲಿನ ಖನಿಜತಜ್ಞೆ ಮಾಳವಿಕಾ ಫೋನ್ ಮಾಡಿದರು.

"ಎಕ್ಸ್‌ರೇ ಬಿಟ್ರೆ ಕಲ್ಲಿನ ಮೇಲ್ಪದರದಿಂದ ಎಲೆಕ್ಟ್ರಾನ್ ಹಾರತ್ತೆ ಸಾರ್. ಅದರ ಶಕ್ತಿ ಅಳೆದ್ರೆ, ಕಲ್ಲಲ್ಲಿರೋ ಕಬ್ಬಿಣದ ಪರಮಾಣು ಆಮ್ಲಜನಕದ ಜೊತೆ ಹೇಗೆ ಬೆಸೆದಿದೆ ಅಂತ ಗೊತ್ತಾಗತ್ತೆ. ಕಲ್ಲಿನ ಒಳಗೆ ಅದು ಅರೆ ತುಕ್ಕು. ವರ್ಷಗಟ್ಟಲೆ ಮಳೆಗಾಳಿಗೆ ಬಿದ್ರೆ ಪೂರ್ತಿ ತುಕ್ಕು."

"ನಮ್ಮ ಕಲ್ಲು?"

"ಮೂಲೆಗಲ್ಲಿನ ಗುರುತಲ್ಲಿ ಪೂರ್ತಿ. ಗಡಿಕಲ್ಲಿನ ಗುರುತಲ್ಲಿ ಬಹುಪಾಲು ಅರೆಯೇ. ಅದನ್ನ ಕೆತ್ತಿ ಒಂದು ಮಳೆಗಾಲವೂ ಕಳೆದ ಹಾಗಿಲ್ಲ. ಮೇಲಿನ ಕಪ್ಪು ಬರೀ ಕಾಫಿ ಸಿಪ್ಪೆಯ ಕಲೆ."

ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವುದು, ಅದನ್ನು ಸುಲಿಯುವ ಪಲ್ಪರ್ ಯಂತ್ರದ ಹೊಂಡದಲ್ಲಿ. ಮಾರ್ಚ್ 22ರಂದು ಮಾಸ್ತರರ ಹೊಂಡವನ್ನು ಬರಿದು ಮಾಡಿಸಿದಾಗ, ಕೀಳುವಾಗ ಮುರಿದ ಹಳೆಯ ಬಾಂದುಕಲ್ಲಿನ ಎರಡು ತುಂಡುಗಳು ತಳದಲ್ಲಿ ಸಿಕ್ಕವು. 11.45ಕ್ಕೆ ಬಂಧನ.

"ಕೇಳಿದ್ರೆ ಕಾಂತಮ್ಮ ನೀರು ಕೊಡ್ತಿರಲಿಲ್ವಾ, ಮೇಷ್ಟ್ರೇ?"

"ನೀರಿಗಲ್ಲ ಕಣೋ. ಗ್ರಾಮಸಭೇಲಿ ಎಲ್ಲರೆದುರು ಒರತೆ ನಮ್ಮದು ಅಂದುಬಿಟ್ಟಿದ್ದೆ. ಆಮೇಲೆ ನಕ್ಷೆ ನೋಡಿದೆ. ನಲವತ್ತು ವರ್ಷ ಬೇರೆಯವರ ತಪ್ಪು ತಿದ್ದಿದೋನು... ನನ್ನದು ತಪ್ಪು ಅನ್ನೋಕೆ ಬಾಯಿ ಬರಲಿಲ್ಲ."

ಕೀರ್ತಿಕುಮಾರ್ ತಲೆ ತಗ್ಗಿಸಿದರು. ಡಿಸೆಂಬರಿನ ಅರ್ಜಿಯ ಮೇಲೆ 'ದೂರು ಸುಳ್ಳು' ಎಂದು ಬರೆದದ್ದು ಅವರದೇ ಕೈ. ಆ ಹಾಳೆಯನ್ನು ಹರಿಯಲಿಲ್ಲ. ದೋಷಾರೋಪ ಪಟ್ಟಿಯ ಜೊತೆ ತಾವೇ ಲಗತ್ತಿಸಿದರು.

ಬೇಲಿ ಇನ್ನೂ ಅಲ್ಲೇ ಇದೆ. ಪೊಲೀಸರೆದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲದು; ಹಳೆಯ ಕಲ್ಲು ಎಲ್ಲಿ ನಿಂತಿತ್ತೆಂದು, ಒರತೆ ಯಾರ ಕಡೆಗಿತ್ತೆಂದು ಕಂಡವರು ಹೇಳಬೇಕು. ಮಾಸ್ತರರ ಮುಖ ನೋಡಿ ಊರು ಬಾಯಿ ಬಿಡುತ್ತಿಲ್ಲ. ಕಾಂತಮ್ಮ ದಿನವೂ ಎರಡು ಮೈಲಿ ನಡೆದು ನೀರು ಹೊರುತ್ತಾಳೆ. ಆ ಒರತೆಯಲ್ಲಿ ಒಮ್ಮೆಯಾದರೂ ಬೊಗಸೆಯೊಡ್ಡಿದವರು ನಿಮ್ಮಲ್ಲಿದ್ದರೆ, ದಯವಿಟ್ಟು ನಾಳೆ ಠಾಣೆಗೆ ಬಂದು ಹೇಳಿಕೆ ಕೊಡಿ.