ಉಗುರಿನಲ್ಲಿ ಉಳಿದ ಊಟ

ಅಯಾನ್‌ನ ಹೆಬ್ಬೆರಳನ್ನು ಯಂತ್ರದ ರಬ್ಬರಿನ ಉಂಗುರದೊಳಗೆ ತೂರಿಸಲು ಇಬ್ಬರು ಹೆಂಗಸರು ಹೆಣಗಬೇಕಾಯಿತು. ಬೆರಳು ಇರಬೇಕಾದದ್ದು ಬಾಯಲ್ಲಿ ಎಂಬುದು ಒಂದೂವರೆ ವರ್ಷದ ಆ ಪೋರನ ಗಟ್ಟಿ ನಂಬಿಕೆ. ತಾಯಿ ಸಾನಿಯಾ ಅವನನ್ನು ಮೊಣಕೈಗಳಿಂದ ಒತ್ತಿ ಹಿಡಿದಳು, ಅಂಗೈ ಮಾತ್ರ ತಾಗಗೊಡಲಿಲ್ಲ. ಡಾ. ಇಂಚರಾ ಹೂಗಾರ ಗುಂಡಿ ಒತ್ತಿದಳು. ಉಗುರಿನ ಮೇಲೆ ತಿಳಿನೀಲಿ ಬೆಳಕು ಹರಿಯಿತು. ಹುಡುಗ ಅಳು ಮರೆತು ಅದನ್ನೇ ನೋಡುತ್ತಿದ್ದಾಗ, ಕಳೆದ ಕೆಲವು ತಿಂಗಳಲ್ಲಿ ಅವನು ಉಂಡದ್ದೆಲ್ಲ ಪರದೆಯ ಮೇಲೆ ಏರಿಳಿಯುವ ಒಂದು ಗೆರೆಯಾಗಿ ಮೂಡತೊಡಗಿತು.

ಉಗುರೆಂದರೆ ದೇಹ ದಿನವೂ ಚೂರು ಚೂರೇ ಹೊರಗೆ ತಳ್ಳುವ ಪ್ರೋಟೀನು. ಆ ದಿನಗಳಲ್ಲಿ ಮಗು ಏನು ಉಂಡಿತ್ತೋ ಅದರ ಗುರುತು ಆಗ ಬೆಳೆದ ಪದರದಲ್ಲಿ ಕೂತುಬಿಡುತ್ತದೆ. ಉದಾಹರಣೆಗೆ ಸಾರಜನಕದಲ್ಲಿ ಹಗುರದ್ದು, ತುಸು ಭಾರದ್ದು ಎಂಬ ಎರಡು ಬಗೆಯ ಪರಮಾಣುಗಳಿವೆ. ತಾಯಿಯ ಹಾಲು ಕುಡಿಯುವ ಕೂಸಿನಲ್ಲಿ ಭಾರದ್ದರ ಪಾಲು ಹೆಚ್ಚು, ಬರೀ ಅನ್ನ ತಿಂದು ಬೆಳೆಯುವ ಮಗುವಿನಲ್ಲಿ ಕಡಿಮೆ. ಮೊಟ್ಟೆಗೂ ಬೇಳೆಗೂ ಇಂಥವೇ ಬೇರೆ ಬೇರೆ ಗುರುತುಗಳುಂಟು. ಧಾರವಾಡದ ಪ್ರಯೋಗಾಲಯದಲ್ಲಿ ತನ್ನ ಹರೆಯವನ್ನೆಲ್ಲ ಸವೆಸಿ ಇಂಚರಾ ಇವನ್ನು ಬೆಳಕಿನಿಂದಲೇ ಓದುವ ಯಂತ್ರ ಮಾಡಿದ್ದಳು. ಅದಕ್ಕೆ ಉಗುರೋದುಗ ಎಂದು ಹೆಸರಿಟ್ಟಿದ್ದಳು.

ಅದು ಬರುವ ಮುಂಚೆ, ಎಂದರೆ ನಮ್ಮ ಕಾಲದಲ್ಲಿ, ಮಕ್ಕಳ ಊಟದ ಯೋಜನೆಯೊಂದು ಫಲ ಕೊಟ್ಟಿತೇ ಎಂದು ತಿಳಿಯಬೇಕಾದರೆ ಮನೆಮನೆಗೆ ಹೋಗಿ “ನಿನ್ನೆ ಮಗುವಿಗೆ ಏನು ಕೊಟ್ಟೆಯಮ್ಮ?” ಎಂದು ಕೇಳಬೇಕಾಗಿತ್ತು. ಸೊಪ್ಪು ಕೊಡಿ ಎಂದು ಹೇಳಿ ಹೋದವರೇ ಮರಳಿ ಬಂದು ಸೊಪ್ಪು ಕೊಟ್ಟಿರಾ ಎಂದರೆ, ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಉಗುರಿಗೆ ಆ ದಾಕ್ಷಿಣ್ಯವಿಲ್ಲ. ಹಾಗಾಗಿ ಯೋಜನೆಗಳನ್ನು ಅಳೆಯುವ ಕಚೇರಿಗೆ ಈ ಯಂತ್ರ ಬಲು ಪ್ರಿಯವಾಯಿತು.

ಬ್ಯಾಡಗಿಯ ಅಂಚಿನ ಈ ಜಾಗದಲ್ಲಿ ಎರಡು ಓಣಿಗಳು, ನಡುವೆ ಒಂದು ಚರಂಡಿ. ಎರಡರಲ್ಲೂ ಇರುವವರು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು. ಚಂದ್ರನ ಮೇಲೆ ಗುಂಡಿ ತೋಡುವ ಯಂತ್ರ ಬಂದಿದ್ದರೂ, ಒಣಗಿದ ಕಾಯಿ ಮುರಿಯದಂತೆ ತೊಟ್ಟು ಬಿಡಿಸುವ ಯಂತ್ರವನ್ನು ಯಾರೂ ಮಾಡಿರಲಿಲ್ಲ. ಮೇಲಿನ ಓಣಿಯಲ್ಲಿ ‘ತುತ್ತು’ ಎಂಬ ಯೋಜನೆ ನಡೆದಿತ್ತು. ಅಲ್ಲಿನವಳೇ ಆದ ಭೂಮಿಕಾ ತುತ್ತಿನಕ್ಕ. ಎದೆಹಾಲು ಸರಿಯಾಗಿ ಬಾರದ ಬಾಣಂತಿಗೆ ಕೂಸನ್ನು ಹಿಡಿಯುವ ಬಗೆ ತೋರಿಸುವುದು, ಆರು ತಿಂಗಳ ಮೇಲೆ ಗಂಜಿಗೆ ಶೇಂಗಾ ಹಿಟ್ಟು, ಮೊಟ್ಟೆ ಬೆರೆಸುವುದನ್ನು ಕಲಿಸುವುದು, ಅವನ್ನು ಹಂಚುವುದು ಅವಳ ಕೆಲಸ. ಸಾನಿಯಾ ಇರುವ ಕೆಳಗಿನ ಓಣಿಗೆ ಯೋಜನೆ ಇರಲಿಲ್ಲ. ಹೋಲಿಸಿ ನೋಡಲೆಂದೇ ಅದನ್ನು ಹಾಗೆ ಬಿಟ್ಟಿದ್ದರು.

“ಮಧ್ಯಾಹ್ನ ಇವ್ಗ ಯಾರು ಉಣಸ್ತಾರವ್ವಾ?” ಎಂದು ಇಂಚರಾ ಕೇಳಿದಳು.

“ನಾನ ಉಣಸ್ತೀನ್ರಿ. ಮತ್ಯಾರು ಬರ್ತಾರ?” ಎಂದಳು ಸಾನಿಯಾ, ನೆಲ ನೋಡುತ್ತ.

ಎರಡೂ ಓಣಿಯ ಮಕ್ಕಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಅವು ಹೆಚ್ಚುಕಡಿಮೆ ಒಂದೇ ಆಗಿದ್ದವು. ಕಚೇರಿಯ ನಿರ್ದೇಶಕ ನಿಶ್ಚಲ ರಾವ್ ಕೆಟ್ಟವನೇನಲ್ಲ, ಅವಸರದವನು. ಪರದೆಯಲ್ಲಿ ಕಾಣಿಸಿಕೊಂಡು ಹೇಳಿದ: “ಅಂತರ ಸೊನ್ನೆ, ಡಾಕ್ಟ್ರೇ. ಯೋಜನೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಈ ತಿಂಗಳ ಕೊನೆಗೆ ಮೊಟ್ಟೆ, ಹಿಟ್ಟು, ಅಕ್ಕನ ಕೆಲಸ ಎಲ್ಲ ನಿಲ್ಲಿಸೋಣ.”

ಸುದ್ದಿಯನ್ನು ತಾನೇ ಹೇಳಬೇಕೆಂದು ಇಂಚರಾ ಮೇಲಿನ ಓಣಿಗೆ ಹೋದಾಗ ಊಟದ ಹೊತ್ತು. ಭೂಮಿಕಾಳ ಕಟ್ಟೆಯ ಮೇಲೆ ಮಕ್ಕಳ ಸಾಲು ಕೂತಿತ್ತು, ಅದರಲ್ಲಿ ಅಯಾನ್‌ನೂ ಇದ್ದ. ಕೆಳಗಿನ ಓಣಿಯ ಮಕ್ಕಳೆಲ್ಲ ಅಲ್ಲೇ ಬಾಯಿ ತೆರೆದು ಕೂತಿದ್ದವು. ಭೂಮಿಕಾ ಮತ್ತು ಇನ್ನಿಬ್ಬರು ಹೆಂಗಸರು ಒಂದೇ ಗಂಗಾಳದಿಂದ ಸರದಿಯಂತೆ ಉಣಿಸುತ್ತಿದ್ದರು.

“ಇವು ಇಲ್ಲಿ ಹೆಂಗ ಬಂದ್ವು?”

“ಕಾಯಿ ಮುಟ್ಟಿದ ಕೈಲೆ ಕೂಸಿಗೆ ತುತ್ತು ಹೆಂಗ ಕೊಡೂದ್ರಿ? ಎಷ್ಟ ತೊಳದ್ರೂ ಖಾರ ಹೋಗಂಗಿಲ್ಲ. ಒಂದ ಸಲ ನಾಲಿಗಿ ಉರೀತಂದ್ರ ಆಮ್ಯಾಲೆ ಬಾಯೇ ತೆಗೆಯಂಗಿಲ್ಲ ನೋಡ್ರಿ ಇವು,” ಎಂದಳು ಭೂಮಿಕಾ. “ಅವತ್ತು ಯಾರ ಕೈ ತಣ್ಣಗ ಇರ್ತಾವೋ ಅವರು ಎಲ್ಲಾರ ಮಕ್ಕಳಿಗೂ ಉಣಸ್ತಾರ. ನಮ್ಮ ಅಜ್ಜಿ ಕಾಲದಿಂದ ಹಿಂಗ ಐತ್ರಿ.”

“ಮತ್ತ ನಾ ಕೇಳಿದಾಗ ಯಾರೂ ಯಾಕ ಹೇಳ್ಲಿಲ್ಲ?”

ಭೂಮಿಕಾ ಇಂಥದೊಂದು ಪ್ರಶ್ನೆಯೇ ಎಂಬಂತೆ ನೋಡಿದಳು. “ಉಣಿಸಿದ್ದನ್ನ ಆಡಿ ತೋರಸ್ತಾರೇನ್ರಿ? ಹಂಗ ಮಾಡಿದ್ರ ಆ ತಾಯಿ ಮರುದಿನ ಕೂಸನ್ನ ಕಳಿಸ್ಯಾಳೇನು?”

ಇಂಚರಾಳಿಗೆ ಎಲ್ಲ ಸ್ಪಷ್ಟವಾದಂತೆ ಅನ್ನಿಸಿತು. ಯೋಜನೆ ಸೋತಿರಲಿಲ್ಲ. ಅದು ಚರಂಡಿ ದಾಟಿತ್ತು, ಅಷ್ಟೇ. ಆದರೆ ಭೂಮಿಕಾಳ ಮಾತಿನಲ್ಲಿ ಅವಳು ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದಳು. ಓದಿದವರು ತಮಗೆ ಬೇಕಾದ ಉತ್ತರ ಸಿಕ್ಕೊಡನೆ ಕಿವಿ ಮುಚ್ಚಿಕೊಳ್ಳುವುದು ಆ ಕಾಲದಲ್ಲೂ ಹೋಗಿರಲಿಲ್ಲ.

ನಿಶ್ಚಲ ರಾವ್ ಕೇಳಿಸಿಕೊಂಡು ತಲೆಯಾಡಿಸಿದ. “ಹಾಗಾದರೆ ತೋರಿಸಿ. ಮೂರು ತಿಂಗಳು ಆ ಮಕ್ಕಳು ಇತ್ತ ಬರೋದು ಬೇಡ, ಇತ್ತಲವರು ಅತ್ತ ಹೋಗೋದೂ ಬೇಡ. ಕೆಳಗಿನ ಓಣಿಯ ಗೆರೆ ಇಳಿದರೆ ಯೋಜನೆ ಉಳಿಯುತ್ತೆ.”

ಇಂಚರಾ ಇದನ್ನು ಹೇಳಿದಾಗ ಭೂಮಿಕಾ ಕೈಯಲ್ಲಿದ್ದ ಗಂಗಾಳ ಕೆಳಗಿಟ್ಟಳು.

“ಮೂರ ತಿಂಗಳ ಉಪಾಸ ಕೆಡವಿ ಆಮ್ಯಾಲೆ ಉಣಸೂದು. ಹಂಗ ಹೌದಲ್ರಿ?”

“ಉಪಾಸ ಯಾಕ ಭೂಮಿಕಾ? ಅವರವರ ತಾಯಂದ್ರು ಉಣಸ್ತಾರಲ್ಲ.”

“ಯಾವ ಕೈಲೆ?”

ಮೊಟ್ಟೆ, ಹಿಟ್ಟು ಪೂರಾ ನಿಂತುಹೋಗುವುದಕ್ಕಿಂತ ಇದೇ ವಾಸಿ ಎಂದು ಎರಡೂ ಓಣಿಯವರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಅಯಾನ್‌ಗೆ ಒಪ್ಪಂದಗಳು ತಿಳಿಯುತ್ತಿರಲಿಲ್ಲ. ಮೊದಲ ದಿನ ಊಟದ ಹೊತ್ತಿಗೆ ಚರಂಡಿಯ ಹಾಸುಗಲ್ಲಿನವರೆಗೆ ಬಂದು ಕೂತ. ಭೂಮಿಕಾ ಬಾಗಿಲು ಮುಂದೆ ಮಾಡಿ ಅದರ ಹಿಂದೆ ನಿಂತು ಅತ್ತಳು. ಸಾನಿಯಾ ಬಂದು ಮೊಣಕೈಯಲ್ಲೇ ಅವನನ್ನೆತ್ತಿಕೊಂಡು ಹೋಗಿ ಬಿಸ್ಕತ್ತಿನ ಪೊಟ್ಟಣ ಒಡೆದುಕೊಟ್ಟಳು. ಕೆಲವು ದಿನ ಕಳೆದ ಮೇಲೆ ಅವನು ಬರುವುದನ್ನು ಬಿಟ್ಟ.

ತಿಂಗಳಾದ ಮೇಲೆ ಇಂಚರಾ ಯಂತ್ರ ಹಿಡಿದು ಬಂದಳು. ಉಗುರಿನ ಬುಡದ ಹೊಸ ಪದರದಲ್ಲಿ ಕೆಳಗಿನ ಓಣಿಯ ಗೆರೆ ಚೆನ್ನಾಗಿಯೇ ಇಳಿದಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಯಿತು. ತನ್ನ ಊಹೆ ಸರಿಯಾದಾಗ ಯಾವ ವಿಜ್ಞಾನಿಗೂ ಆಗುವ ಖುಷಿ ಅದು. ಅದೇ ಉಮೇದಿನಲ್ಲಿ ಮೇಲಿನ ಓಣಿಯ ಮಕ್ಕಳನ್ನು ಪರೀಕ್ಷಿಸಿದಳು. ಆ ಗೆರೆಯೂ ಅಷ್ಟೇ ಇಳಿದಿತ್ತು. ಯಂತ್ರ ಕೆಟ್ಟಿದೆಯೆಂದು ಮತ್ತೆ ಸರಿಪಡಿಸಿ ಓದಿದಳು. ಅದೇ ಗೆರೆ ಬಂತು.

“ಇಲ್ಲಿ ಮೊಟ್ಟಿ, ಹಿಟ್ಟು ಎಲ್ಲಾ ಇದ್ವಲ್ಲ?”

“ಇದ್ವು ರೀ, ಡಬ್ಬಿ ತುಂಬಾ ಅದಾವ,” ಎಂದಳು ಭೂಮಿಕಾ. “ಈ ತಿಂಗಳ ನಮ್ಮ ಓಣಿಗೆ ಕಾಯಿ ರಾಶಿ ಬಂದು ಬಿತ್ತು. ನಾನೂ ಕುಂತೆ, ಎಲ್ಲಾರೂ ಕುಂತ್ರು. ತಣ್ಣನ ಕೈ ಒಂದೂ ಉಳೀಲಿಲ್ಲ. ಹೋದ ವರ್ಷ ಹಿಂಗಾದಾಗ ಕೆಳಗಿನ ಓಣಿಯವರು ನಮ್ಮ ಮಕ್ಕಳಿಗೆ ಉಣಿಸಿದ್ರು. ಈ ಸಲ ಅವರು ಬರಂಗಿಲ್ಲ ಅಂತ ನೀವ ಹೇಳಿದ್ರಲ್ಲ.”

ಇಂಚರಾಳಿಗೆ ನಾಚಿಕೆಯಾಯಿತು. ಮೊಟ್ಟೆ ಒಂದು ದಡದಿಂದ ಬರುತ್ತಿತ್ತು, ಕೈ ಎರಡೂ ದಡದಿಂದ. ತಾನು ನಡುವೆ ಗೆರೆ ಎಳೆದು ಎರಡನ್ನೂ ಕೆಡಿಸಿದ್ದೆ ಎಂದು ಅವಳಿಗೆ ಅರಿವಾಯಿತು. ಅಲ್ಲಿಂದಲೇ ನಿರ್ದೇಶಕನಿಗೆ ಕರೆ ಮಾಡಿದಳು.

“ಅಂತರ ಎಷ್ಟು ಬಂತು?” ಎಂದ ನಿಶ್ಚಲ ರಾವ್.

“ಸೊನ್ನೆ.”

“ಮತ್ತೆ ಸೊನ್ನೆಯೇ? ಹಾಗಾದರೆ...”

“ಹೋದ ಸಲ ಎರಡೂ ಓಣಿಯ ಮಕ್ಕಳು ಉಂಡಿದ್ದರು, ಅಂತರ ಸೊನ್ನೆ. ಈಗ ಎರಡೂ ಕಡೆ ಹಸಿದುಕೊಂಡಿದ್ದಾರೆ, ಅಂತರ ಸೊನ್ನೆ. ನಿಮ್ಮ ಲೆಕ್ಕಕ್ಕೆ ಎರಡೂ ಒಂದೇ. ನನಗೆ ಹಾಗೆ ಅನ್ನಿಸಲಿಲ್ಲ, ಅದಕ್ಕೆ ಪ್ರಯೋಗ ಇವತ್ತೇ ನಿಲ್ಲಿಸಿದ್ದೇನೆ.”

ನಿಶ್ಚಲ ರಾವ್ ತಗ್ಗಿದ ದನಿಯಲ್ಲಿ, “ಹಾಗಾದರೆ ಯಾವುದಕ್ಕೆ ಹೋಲಿಸೋಣ?” ಎಂದ.

“ಎರಡೂ ಓಣಿಯನ್ನು ಒಂದೇ ಮನೆ ಅಂತ ಹಿಡಿಯಿರಿ. ಇದೇ ಕಸುಬಿನ ದೂರದ ಊರಿನ ಮಕ್ಕಳಿಗೆ ಹೋಲಿಸಿ.”

ಹೋಲಿಸಿದರು. ಯೋಜನೆ ಬರದ ಆ ಊರಿನ ಗೆರೆ ತೀರ ಕೆಳಗಿತ್ತು. ‘ತುತ್ತು’ ಉಳಿಯಿತು, ಎರಡೂ ಓಣಿಗೆ ಸೇರಿಯೇ ಉಳಿಯಿತು.

ಕೆಲವು ತಿಂಗಳ ನಂತರ ಇಂಚರಾ ಅಲ್ಲಿಗೆ ಬಂದಾಗ ಸಾನಿಯಾಳಿಗೆ ಕೆಲಸವಿರಲಿಲ್ಲ. ತಣ್ಣಗಿನ ಕೈಯಲ್ಲಿ ಅಯಾನ್‌ನ ಉಗುರು ತೆಗೆಯುತ್ತಿದ್ದಳು. ಹಸಿದಿದ್ದ ಆ ತಿಂಗಳಿನ ಪದರ ಈಗ ಬುಡದಿಂದ ತುದಿಗೆ ಬಂದಿರುತ್ತದೆ ಎಂದು ಇಂಚರಾಳಿಗೆ ಗೊತ್ತಿತ್ತು. ಅದನ್ನು ಸಾನಿಯಾಳಿಗೂ ಹೇಳಿದಳು.

“ಹಂಗಾರ ಕತ್ತರಿಸಿದ್ರ ಹೋತಲ್ರಿ ಅದು?”

“ಉಗುರಿನಿಂದ ಹೋಗತೈತಿ,” ಎಂದಳು ಇಂಚರಾ. ಆ ತಿಂಗಳು ಮೈ ಬೆಳೆಯಬೇಕಾದಷ್ಟು ಬೆಳೆಯಲಿಲ್ಲ ಎಂಬುದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಇದೆಲ್ಲ ನಡೆಯಲು ಇನ್ನೂ ಕೆಲವು ದಶಕ ಬೇಕು. ಉಗುರನ್ನು ಹೀಗೆ ಓದುವ ಯಂತ್ರ ಸದ್ಯಕ್ಕೆ ನಮ್ಮಲ್ಲಿಲ್ಲ, ಹಾಗಾಗಿ ನಾವು ಕೇಳಿಕೊಂಡು ಬರುತ್ತೇವೆ, ತಾಯಂದಿರು ಏನೋ ಒಂದು ಹೇಳುತ್ತಾರೆ. ಆದರೆ ಇಂದು ಮಧ್ಯಾಹ್ನ ಉಣ್ಣದೆ ಮಲಗಿದ ಕೂಸಿನ ಹೆಬ್ಬೆರಳಿನಲ್ಲಿ ಈ ದಿನದ ಪದರ ಆಗಲೇ ಬೆಳೆಯುತ್ತಿದೆ.